ರಿಯಾಕ್ಟ್ ಕಲಿಕೆಯ ಆರಂಭ: ಘಟಕ, ಸ್ಥಿತಿ ಮತ್ತು ಕನ್ನಡದ ಹುಡುಕಾಟ

ಕಾಸರಗೋಡಿನ ಶಾಲೆಯೊಂದರ ಗ್ರಂಥಾಲಯಕ್ಕೆ ಜಾಲಪುಟ ರೂಪಿಸಬೇಕಾಗಿದೆ ಎಂದು ಭಾವಿಸೋಣ. ಕಪಾಟಿನಲ್ಲಿ ಕನ್ನಡ, ಮಲಯಾಳಂ ಪುಸ್ತಕಗಳೆರಡೂ ಇವೆ. ಹುಡುಕಾಟದ ಪೆಟ್ಟಿಗೆಯಲ್ಲಿ ಅಕ್ಷರ ಮೂಡಿದಂತೆಲ್ಲ ಪಟ್ಟಿ ಕಿರಿದಾಗಬೇಕು. ಭಾಷೆಯ ಗುಂಡಿ ಒತ್ತಿದೊಡನೆ ಸೂಚನೆಗಳೆಲ್ಲ ಬದಲಾಗಬೇಕು. ಪುಸ್ತಕವನ್ನು ಎರವಲು ಪಡೆದರೆ ಉಳಿದ ಪ್ರತಿಗಳ ಸಂಖ್ಯೆ ತಗ್ಗಬೇಕು. ಇಷ್ಟಕ್ಕಾಗಿ ಪುಟವನ್ನು ಮತ್ತೆ ಮತ್ತೆ ತೆರೆಯುವಂತಿರಬಾರದು. ಇಂತಹ ಚಲನಶೀಲ ಪುಟಗಳನ್ನು ಕಟ್ಟಲು ನೆರವಾಗುವ ಲೈಬ್ರರಿಗಳಲ್ಲಿ ರಿಯಾಕ್ಟ್ ಬಹು ಪ್ರಚಲಿತವಾದುದು. ಫೇಸ್‌ಬುಕ್ ಸಂಸ್ಥೆಯಲ್ಲಿ ಜೋರ್ಡನ್ ವಾಕ್ ಎಂಬ ಎಂಜಿನಿಯರ್ ರೂಪಿಸಿದ ಇದು 2013ರ ಮೇ ತಿಂಗಳಲ್ಲಿ ಸಾರ್ವಜನಿಕವಾಗಿ ಬಿಡುಗಡೆಯಾಯಿತು; 2017ರಿಂದ ಎಂಐಟಿ ಪರವಾನಗಿಯಡಿ ಯಾರೂ ಶುಲ್ಕವಿಲ್ಲದೆ ಬಳಸಬಹುದಾಗಿದೆ.

ಹಳೆಯ ಕ್ರಮದಲ್ಲಿ ಪುಟದ ಯಾವ ಭಾಗ ಯಾವಾಗ ಬದಲಾಗಬೇಕೆಂಬುದನ್ನು ಕಾರ್ಯಕ್ರಮ ಬರೆಯುವವನೇ ಒಂದೊಂದಾಗಿ ಹೇಳಬೇಕಾಗಿತ್ತು. ಪ್ರತಿಗಳ ಸಂಖ್ಯೆ ಮೂರು ಕಡೆ ಕಾಣುವಂತಿದ್ದರೆ ಎರಡನ್ನು ತಿದ್ದಿ ಮೂರನೆಯದನ್ನು ಮರೆಯುವುದು ಸಾಮಾನ್ಯವಾಗಿತ್ತು. ರಿಯಾಕ್ಟ್ ಈ ಕ್ರಮವನ್ನು ತಿರುಗಿಸಿತು. ಮಾಹಿತಿ ಹೀಗಿದ್ದರೆ ಪುಟ ಹೀಗೆ ಕಾಣಬೇಕು ಎಂದಷ್ಟೇ ನಾವು ನಿರೂಪಿಸುತ್ತೇವೆ. ಮಾಹಿತಿ ಬದಲಾದಾಗ ಪುಟದಲ್ಲಿ ಆಗಬೇಕಾದ ತಿದ್ದುಪಡಿಯ ಹೊಣೆ ಅದರದು.

ಆರಂಭಿಸಲು ಕಂಪ್ಯೂಟರಿನಲ್ಲಿ ನೋಡ್ ಜೆಎಸ್ ಇರಬೇಕು. ಹಳೆಯ ಪಾಠಗಳು ಸೂಚಿಸುವ ‘ಕ್ರಿಯೇಟ್ ರಿಯಾಕ್ಟ್ ಆ್ಯಪ್’ ಎಂಬ ಸಾಧನವನ್ನು 2025ರ ಫೆಬ್ರವರಿಯಲ್ಲಿ ನಿವೃತ್ತಗೊಳಿಸಲಾಗಿದೆ. ಅದನ್ನು ಹಿಡಿದು ಹೊರಡಬೇಕಾಗಿಲ್ಲ. ಕಲಿಯುವವರಿಗೆ ವೀಟ್ ಎಂಬ ಸಾಧನ ಸಾಕು. ಟರ್ಮಿನಲ್‌ನಲ್ಲಿ ಒಂದು ಆದೇಶ ಕೊಟ್ಟು, ರಿಯಾಕ್ಟನ್ನು ಆಯ್ದರೆ ಅದು ಸಿದ್ಧ ಕಡತಕೋಶವೊಂದನ್ನು ಒದಗಿಸುತ್ತದೆ. ಅದರ ಮುಖ್ಯ ಎಚ್‌ಟಿಎಂಎಲ್ ಕಡತದಲ್ಲಿ ಪುಟದ ಭಾಷೆ ಇಂಗ್ಲಿಷ್ ಎಂದು ನಮೂದಾಗಿರುತ್ತದೆ. ಮೊದಲು ಅದನ್ನು ಕನ್ನಡವೆಂದು ತಿದ್ದಿರಿ. ದೃಷ್ಟಿಹೀನರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶವು ಯಾವ ಧ್ವನಿಯಲ್ಲಿ ಓದಬೇಕೆಂಬುದನ್ನು ಆ ನಮೂದಿನಿಂದಲೇ ತಿಳಿಯುತ್ತದೆ.

ಘಟಕವೆಂದರೆ ಪುಟದ ಒಂದು ತುಣುಕನ್ನು ಹಿಂದಿರುಗಿಸುವ ಜಾವಾಸ್ಕ್ರಿಪ್ಟ್ ಫಂಕ್ಷನ್, ಅಷ್ಟೆ. ಅದರ ಹೆಸರು ದೊಡ್ಡ ಅಕ್ಷರದಿಂದ ಆರಂಭವಾಗಬೇಕು. ಇಲ್ಲವಾದರೆ ರಿಯಾಕ್ಟ್ ಅದನ್ನು ಸಾಮಾನ್ಯ ಎಚ್‌ಟಿಎಂಎಲ್ ಟ್ಯಾಗ್ ಎಂದೇ ತಿಳಿಯುತ್ತದೆ. ‘ಪುಸ್ತಕ’ವೆಂಬ ಘಟಕವನ್ನು ಒಮ್ಮೆ ಬರೆದರೆ ಇನ್ನೂರು ಪುಸ್ತಕಗಳಿಗೂ ಅದೇ ಸಾಕು. ಹೊರಗಿನಿಂದ ಘಟಕಕ್ಕೆ ಬರುವ ಶೀರ್ಷಿಕೆ, ಲೇಖಕರ ಹೆಸರು ಮೊದಲಾದವುಗಳನ್ನು ಪ್ರಾಪ್ಸ್ ಎನ್ನುತ್ತಾರೆ. ಅವುಗಳನ್ನು ಘಟಕ ಓದಬಹುದು, ತಿದ್ದಬಾರದು.

ತಿದ್ದಬೇಕಾದುದು ಸ್ಥಿತಿಯಲ್ಲಿರುತ್ತದೆ. ಕಲಿಯುವವರು ಎಡವುವುದು ಬಹುಪಾಲು ಇಲ್ಲಿಯೇ. ಸಾಮಾನ್ಯ ಚರವೊಂದರ ಬೆಲೆಯನ್ನು ಬದಲಿಸಿದರೆ ಪರದೆಯ ಮೇಲೆ ಏನೂ ಆಗದು. ‘ಯೂಸ್‌ಸ್ಟೇಟ್’ ಎಂಬುದನ್ನು ಕರೆದಾಗ ಎರಡು ವಸ್ತುಗಳು ದೊರೆಯುತ್ತವೆ: ಈಗಿನ ಬೆಲೆ, ಮತ್ತು ಅದನ್ನು ಬದಲಿಸುವ ಫಂಕ್ಷನ್. ಆ ಫಂಕ್ಷನ್ನಿನ ಮೂಲಕ ಬದಲಿಸಿದಾಗ ಮಾತ್ರ ಘಟಕ ಮತ್ತೆ ಚಿತ್ರಿತವಾಗುತ್ತದೆ. ಪಟ್ಟಿಯೊಂದು ಸ್ಥಿತಿಯಲ್ಲಿದ್ದರೆ ಅದೇ ಪಟ್ಟಿಗೆ ಹೊಸ ಪುಸ್ತಕ ತುರುಕಿ ಹಿಂದಿರುಗಿಸಿದರೂ ರಿಯಾಕ್ಟ್ ಗಮನಿಸುವುದಿಲ್ಲ; ವಸ್ತು ಹಳೆಯದೇ ಆಗಿರುವುದರಿಂದ ಬದಲಾವಣೆಯಿಲ್ಲವೆಂದು ಬಗೆಯುತ್ತದೆ. ಹೊಸ ಪಟ್ಟಿಯನ್ನೇ ಮಾಡಿ ಕೊಡಬೇಕು. ಹಾಗೆಯೇ, ಹುಡುಕಿದಾಗ ಸಿಕ್ಕ ಪುಸ್ತಕಗಳ ಪಟ್ಟಿಯನ್ನು ಬೇರೊಂದು ಸ್ಥಿತಿಯಾಗಿ ಇಟ್ಟುಕೊಳ್ಳುವುದು ಅನಾವಶ್ಯಕ. ಪೂರ್ಣ ಪಟ್ಟಿ ಮತ್ತು ಹುಡುಕಿದ ಪದ ಇದ್ದರೆ ಅದನ್ನು ಆಗಿಂದಾಗಲೇ ಲೆಕ್ಕಹಾಕಬಹುದು.

ಇಂಗ್ಲಿಷ್ ಪಾಠಗಳು ಸಾಮಾನ್ಯವಾಗಿ ಇಲ್ಲಿಗೆ ಹುಡುಕಾಟದ ವಿಷಯವನ್ನು ಮುಗಿಸುತ್ತವೆ. ಕನ್ನಡಕ್ಕೆ ಅಷ್ಟು ಸಾಲದು. ‘ಲೋಕ’ ಎಂಬ ಪದದ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು; ಒಕಾರದ ಚಿಹ್ನೆ ಮತ್ತು ದೀರ್ಘಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಆದುದರಿಂದ ಹೋಲಿಸುವ ಮೊದಲು ಎರಡೂ ಪದಗಳನ್ನು ಜಾವಾಸ್ಕ್ರಿಪ್ಟ್‌ನ ‘ನಾರ್ಮಲೈಸ್’ ಮೂಲಕ ಒಂದೇ ರೂಪಕ್ಕೆ ತರಬೇಕು. ಅದರಿಂದಲೂ ಬಗೆಹರಿಯದ ತೊಡಕೊಂದಿದೆ. ‘ಸಾಫ್ಟ್‌ವೇರ್’ ಎಂಬಲ್ಲಿ ವಕಾರವು ಒತ್ತಾಗದಂತೆ ನಡುವೆ ಕಾಣದ ಸಂಕೇತವೊಂದನ್ನು ಸೇರಿಸಿರುತ್ತಾರೆ. ಹುಡುಕುವವರು ಅದನ್ನು ಒತ್ತದಿದ್ದರೆ ಪುಸ್ತಕ ಕಪಾಟಿನಲ್ಲಿದ್ದೂ ಪರದೆಯಲ್ಲಿ ಇಲ್ಲವೆಂದು ಬರುತ್ತದೆ. ಹೋಲಿಕೆಯ ಹೊತ್ತಿಗೆ ಮಾತ್ರ ಅದನ್ನು ಎರಡೂ ಕಡೆಯಿಂದ ತೆಗೆದುಹಾಕಬೇಕು, ಮೂಲ ಶೀರ್ಷಿಕೆಯಿಂದಲ್ಲ. ಅಕ್ಷರಗಳ ಮಿತಿಯ ಕಥೆಯೂ ಇಂಥದೇ: ‘ಸ್ತ್ರೀ’ ನಮಗೆ ಒಂದಕ್ಷರ, ಜಾವಾಸ್ಕ್ರಿಪ್ಟ್ ಎಣಿಸುವುದು 6. ಹೆಸರಿನ ಪೆಟ್ಟಿಗೆಗೆ ಇಂಗ್ಲಿಷಿನ ಲೆಕ್ಕದಲ್ಲಿ ಮಿತಿ ಹಾಕಿದರೆ ಕನ್ನಡದ ಹೆಸರು ಅರ್ಧಕ್ಕೇ ನಿಲ್ಲುತ್ತದೆ.

ಭಾಷೆಯ ಗುಂಡಿಯ ವಿಚಾರದಲ್ಲಿ ಮೊದಲ ದಿನವೇ ತೀರ್ಮಾನಿಸಬೇಕು. ಪದಗಳನ್ನು ಘಟಕಗಳೊಳಗೇ ಬರೆದುಬಿಟ್ಟರೆ ಮುಂದೆ ಕನ್ನಡವನ್ನು ಸೇರಿಸುವುದು ಎಲ್ಲ ಘಟಕಗಳನ್ನೂ ಬಿಚ್ಚುವ ಕೆಲಸವಾಗುತ್ತದೆ, ಮತ್ತು ಅಂತಹ ಕೆಲಸವನ್ನು ಯಾರೂ ಕೈಗೆತ್ತಿಕೊಳ್ಳುವುದಿಲ್ಲ. ಎರಡು ಭಾಷೆಗಳ ಜನರಿರುವಲ್ಲಿ ಒಂದೇ ಭಾಷೆಯ ಪುಟ ಉಳಿದುಬಿಡುವುದಕ್ಕೆ ಇದೂ ಒಂದು ಕಾರಣ. ಪ್ರತಿ ಭಾಷೆಗೂ ಪ್ರತ್ಯೇಕ ಕಡತವಿರಲಿ. ಆಯ್ದ ಭಾಷೆ ಸ್ಥಿತಿಯಲ್ಲಿರಲಿ. ಕಡತದಲ್ಲಿ ತುಂಡು ಪದಗಳ ಬದಲು ಇಡೀ ವಾಕ್ಯವನ್ನೇ ಇಟ್ಟು, ಹೆಸರು ಬರಬೇಕಾದೆಡೆ ಜಾಗ ಬಿಡಬೇಕು. ಇಂಗ್ಲಿಷಿನಲ್ಲಿ ಲೇಖಕರ ಹೆಸರು ಕೊನೆಗೆ ಬಂದರೆ ಕನ್ನಡದಲ್ಲಿ ‘ಇಂಥವರ ಪುಸ್ತಕಗಳು’ ಎಂದು ಮೊದಲಿಗೇ, ವಿಭಕ್ತಿಯೊಡನೆ ಬರುತ್ತದೆ. ತುಂಡುಗಳನ್ನು ಜೋಡಿಸಿದ ವಾಕ್ಯ ಯಾವ ಭಾಷೆಯದೂ ಆಗದು.

ಇಷ್ಟಾದರೂ ರಿಯಾಕ್ಟ್ ಏನನ್ನೂ ಕಾಪಿಡುವುದಿಲ್ಲ. ಸ್ಥಿತಿ ಇರುವುದು ಬ್ರೌಸರಿನ ಸ್ಮೃತಿಯಲ್ಲಿ. ಪುಟವನ್ನು ಮತ್ತೆ ತೆರೆದರೆ ಎರವಲಿನ ಲೆಕ್ಕ ಅಳಿದಿರುತ್ತದೆ. ಅದನ್ನು ಉಳಿಸಲು ಸರ್ವರ್ ಮತ್ತು ದತ್ತಾಂಶ ಕೋಶ ಬೇಕು. ಆದರೆ ಪುಸ್ತಕಗಳ ಪಟ್ಟಿ ಮತ್ತು ಹುಡುಕಾಟವಷ್ಟೇ ಸಾಕೆನ್ನುವ ಶಾಲೆಗೆ, ವೀಟ್ ಸಿದ್ಧಪಡಿಸಿಕೊಡುವ ಕಡತಗಳನ್ನು ಯಾವುದೇ ಸಾಧಾರಣ ಜಾಲತಾಣದ ಜಾಗದಲ್ಲಿ ಇಟ್ಟರೆ ಸಾಕು.