ಕಾವೇರಿಯ ವಕೀಲರು

2016ನೆಯ ಇಸವಿಯ ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟಿನಲ್ಲಿ ನಡೆದ ಪ್ರಸಂಗವು ನಮ್ಮ ವಾಚಕರ ನೆನಪಿನಲ್ಲಿ ಇರಬೇಕು. ಕಾವೇರಿಯ ನೀರನ್ನು ತಮಿಳುನಾಡಿಗೆ ಬಿಡಬೇಕೆಂಬ ಆಜ್ಞೆಯನ್ನು ಕರ್ನಾಟಕ ಸರಕಾರವು ಪಾಲಿಸಿರಲಿಲ್ಲ. ಆಗ ಕರ್ನಾಟಕದ ಪರವಾಗಿಯೇ ನಿಂತಿದ್ದ ಫಾಲಿ ಎಸ್. ನಾರಿಮನ್ ಅವರು, ಆಜ್ಞೆಯು ನೆರವೇರದ ಹೊರತು ತಾವು ಮುಂದೆ ವಾದಿಸುವುದಿಲ್ಲವೆಂದು ನ್ಯಾಯಪೀಠಕ್ಕೆ ಅರಿಕೆ ಮಾಡಿದರು.

ನಾಡಿನಲ್ಲಿ ಕೋಲಾಹಲವೆದ್ದಿತು. ಮಳೆ ಕೈಕೊಟ್ಟ ವರ್ಷವದು. ಇರುವ ನೀರು ಕುಡಿಯುವುದಕ್ಕೇ ಮೀಸಲೆಂದು ವಿಧಾನಮಂಡಲವು ಒಂದು ವಾರದ ಹಿಂದೆಯಷ್ಟೇ ಠರಾವು ಮಾಡಿತ್ತು. ಮಂಡ್ಯದ ರೈತನು ತನ್ನ ಪೈರಿಗೇ ನೀರು ಕಾಣದಿರುವಾಗ, ತನ್ನ ವಕೀಲನೂ ಬಾಯಿ ಮುಚ್ಚಿದನೆಂದು ಕೇಳಿದರೆ ಅವನಿಗೆ ಹೇಗಾಗಬೇಡ? ಆ ಸಂಕಟವನ್ನು ನಾವು ಹಗುರಾಗಿ ಎಣಿಸುವುದಿಲ್ಲ. ಆದರೂ ನಾರಿಮನ್ನರು ನಮ್ಮನ್ನು ಕೈಬಿಟ್ಟರೆಂಬ ಆಕ್ಷೇಪಣೆಯನ್ನು ಒಪ್ಪಲಾರೆವು.

ಅಪೀಲಿನ ವಕೀಲರ ಕೆಲಸದ ರೀತಿಯನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕು. ಕೆಳಗಿನ ನ್ಯಾಯಾಲಯದಲ್ಲಿ ಸಾಕ್ಷಿಗಳ ವಿಚಾರಣೆ, ಪಾಟೀಸವಾಲು ಮುಂತಾಗಿ ಹತ್ತು ಬಗೆಯ ಆಯುಧಗಳುಂಟು. ಮೇಲಿನ ನ್ಯಾಯಾಲಯಕ್ಕೆ ಬರುವ ಹೊತ್ತಿಗೆ ಅವೆಲ್ಲ ಮುಗಿದಿರುತ್ತವೆ. ಉಳಿಯುವುದು ಕಾನೂನಿನ ಅರ್ಥವಿವರಣೆ, ಮತ್ತು ಈ ಮನುಷ್ಯನು ಸುಳ್ಳು ಹೇಳಲಾರನೆಂದು ನ್ಯಾಯಾಧೀಶರಿಗಿರುವ ಭರವಸೆ. ಕಾವೇರಿ ನ್ಯಾಯಮಂಡಳಿಯ 2007ರ ತೀರ್ಪಿನ ಮೇಲೆ ಕರ್ನಾಟಕವು ಹೂಡಿದ್ದ ಅಪೀಲು ಅದೇ ಕೋರ್ಟಿನಲ್ಲಿ ಬಾಕಿಯಿತ್ತು. ಆಜ್ಞೆಯನ್ನು ತಳ್ಳಿಹಾಕಿ ಅಲ್ಲಿಯೇ ನ್ಯಾಯವನ್ನೂ ಬೇಡುವ ಕಕ್ಷಿಗಾರನ ಮಾತನ್ನು ಯಾರು ಕಿವಿಗೊಟ್ಟು ಕೇಳಿಯಾರು? ಆ ಅಪೀಲು ಕೆಟ್ಟಿದ್ದರೆ ನಮ್ಮ ಶಾಶ್ವತವಾದ ಪಾಲೇ ಕೆಡುತ್ತಿತ್ತು.

ಇಂಥ ನಡತೆಯು ಅವರಿಗೆ ಹೊಸದಾಗಿರಲಿಲ್ಲ. 1929ರಲ್ಲಿ ರಂಗೂನಿನಲ್ಲಿ ಹುಟ್ಟಿ, ಜಪಾನೀಯರ ದಾಳಿಯಾದಾಗ ಬಾಲ್ಯದಲ್ಲಿಯೇ ಕುಟುಂಬದೊಡನೆ ಭಾರತಕ್ಕೆ ಬಂದು, 1950ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ವಕೀಲಿ ಆರಂಭಿಸಿದವರು. 1972ರಲ್ಲಿ ಕೇಂದ್ರ ಸರಕಾರದ ಅಡಿಷನಲ್ ಸಾಲಿಸಿಟರ್ ಜನರಲ್ ಆದರು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿಯ ಘೋಷಣೆಯಾದೊಡನೆ ಆ ಹುದ್ದೆಗೆ ರಾಜೀನಾಮೆ ಕೊಟ್ಟರು. ದೊಡ್ಡ ದೊಡ್ಡವರೇ ತಲೆ ತಗ್ಗಿಸಿ ಕುಳಿತ ದಿನಗಳವು! ಭೋಪಾಲದ ವಿಷಾನಿಲ ದುರಂತದ ವ್ಯಾಜ್ಯದಲ್ಲಿ ಯೂನಿಯನ್ ಕಾರ್ಬೈಡ್ ಕಂಪನಿಯ ಪರವಾಗಿ ವಾದಿಸಿದುದು ಮಾತ್ರ ಅವರ ಹೆಸರಿಗೆ ಅಂಟಿದ ಕಲೆ; ಅದನ್ನು ವಹಿಸಿಕೊಳ್ಳಬಾರದಿತ್ತೆಂದು ಮುಂದೆ ತಾವೇ ಹೇಳಿದರು.

2016ರ ಅಕ್ಟೋಬರ್ ಮೊದಲ ವಾರದಲ್ಲಿ ನೀರು ಹರಿಯಿತು. ಮರುವರ್ಷ ಅಪೀಲಿನ ವಿಚಾರಣೆ ನಡೆದಾಗ ಕರ್ನಾಟಕದ ವಾದವನ್ನು ಮಂಡಿಸಿದವರು ಇದೇ ನಾರಿಮನ್ನರು. ಮೈಸೂರು ಸಂಸ್ಥಾನವು ಬ್ರಿಟಿಷರ ಮದರಾಸು ಸರಕಾರದೊಡನೆ 1892ರಲ್ಲಿಯೂ 1924ರಲ್ಲಿಯೂ ಮಾಡಿಕೊಂಡ ಒಪ್ಪಂದಗಳು ಸಮಬಲರ ನಡುವಿನವಲ್ಲವೆಂದು ವಾದಿಸಿದರು. ಕೋರ್ಟು ಅದನ್ನು ಪುರಸ್ಕರಿಸಲಿಲ್ಲ. ಆದರೆ 1924ರ ಒಪ್ಪಂದದ ಅವಧಿಯು 1974ಕ್ಕೇ ತೀರಿತೆಂದು ಹೇಳಿತು. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕರ್ನಾಟಕದ ಪಾಲು 270ರಿಂದ 284.75 ಟಿ.ಎಂ.ಸಿ. ಅಡಿಗೆ ಏರಿತು, ತಮಿಳುನಾಡಿಗೆ ಬಿಡಬೇಕಾದುದು 192ರಿಂದ 177.25ಕ್ಕೆ ಇಳಿಯಿತು. ಹೆಚ್ಚಾಗಿ ದೊರೆತ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ನಗರದ ಮೂರರಲ್ಲಿ ಒಂದು ಭಾಗವಷ್ಟೇ ಕಾವೇರಿ ಕೊಳ್ಳಕ್ಕೆ ಸೇರಿದುದೆಂದು ನ್ಯಾಯಮಂಡಳಿಯು ಹಾಕಿದ್ದ ಲೆಕ್ಕವನ್ನು ಕೋರ್ಟು ಒಪ್ಪಲಿಲ್ಲ.

ನಾರಿಮನ್ನರು 2024ರ ಫೆಬ್ರವರಿ 21ರಂದು ತಮ್ಮ 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು ಬಿಟ್ಟು ಬೇರೆ ವಕೀಲರನ್ನು ಹಿಡಿಯಿರೆಂದು 2016ರಲ್ಲಿ ಎದ್ದ ಕೂಗಿಗೆ ಅಂದಿನ ಸರಕಾರವು ಮಣಿಯಲಿಲ್ಲವೆಂಬುದನ್ನೂ ಈ ಸಂದರ್ಭದಲ್ಲಿ ಕಾಣಿಸಲೇಬೇಕು.