ಟರ್ಬೊ ಕಾರಿಗೆ ಯಾವ ಆಯಿಲ್? ಸಯನ್ ರಸ್ತೆಯ ಲೆಕ್ಕ

ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ, ಸಯನ್-ಪನ್ವೇಲ್ ಹೆದ್ದಾರಿ, ಎಲ್‌ಬಿಎಸ್ ಮಾರ್ಗ, ದಾದರ್ ಕಡೆಗೆ ಸಾಗುವ ಡಾ. ಅಂಬೇಡ್ಕರ್ ರಸ್ತೆ, ಇಷ್ಟರ ವಾಹನಗಳೂ ಬಂದು ಕೂಡುವ ಮುಂಬಯಿಯ ಸಯನ್‌ನಲ್ಲಿ ಕಚೇರಿ ಬಿಡುವ ವೇಳೆಗೆ ಕಾರು ಓಡುವುದಕ್ಕಿಂತ ನಿಂತಲ್ಲೇ ಉರಿಯುವ ಹೊತ್ತು ಹೆಚ್ಚು. 2024ರ ಆಗಸ್ಟ್‌ನಲ್ಲಿ ಬ್ರಿಟಿಷರ ಕಾಲದ ರೈಲ್ವೆ ಮೇಲ್ಸೇತುವೆಯನ್ನು ಕೆಡವಿ ಕಟ್ಟಲೆಂದು ಮುಚ್ಚಿದ ಮೇಲಂತೂ ಧಾರಾವಿ ಕಡೆಯ ದಟ್ಟಣೆ ಮತ್ತಷ್ಟು ಬಿಗಿಯಾಯಿತು. ಈ ರಸ್ತೆಗಳಲ್ಲಿ ಈಗ ಕಾಣುವ ಹೊಸ ಪೆಟ್ರೋಲ್ ಕಾರುಗಳಲ್ಲಿ ಅನೇಕವು ಟರ್ಬೊ ಇರುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ನವು. ಅವುಗಳಿಗೆ ಯಾವ ಆಯಿಲ್ ಹಾಕಬೇಕು, ಎಷ್ಟು ಕಾಲಕ್ಕೊಮ್ಮೆ ಬದಲಿಸಬೇಕು ಎಂಬುದನ್ನು ಡಬ್ಬಿಯ ಮೇಲಿನ ದಪ್ಪಕ್ಷರವನ್ನಷ್ಟೇ ನೋಡಿ ನಿರ್ಧರಿಸಲು ಬರುವುದಿಲ್ಲ.

ಹಳೆಯ ಬಗೆಯ ಎಂಜಿನ್‌ನಲ್ಲಿ ಪೆಟ್ರೋಲು ಗಾಳಿ ಒಳಬರುವ ದಾರಿಯಲ್ಲಿಯೇ ಸಿಂಪಡಣೆಯಾಗಿ, ಗಾಳಿಯೊಂದಿಗೆ ಬೆರೆತು ಸಿಲಿಂಡರ್ ಸೇರುತ್ತದೆ. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಅದು ಭಾರೀ ಒತ್ತಡದಲ್ಲಿ ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮುತ್ತದೆ. ಟರ್ಬೊ ಎಂದರೆ ಹೊರಹೋಗುವ ಹೊಗೆಯ ಬಲದಿಂದ ತಿರುಗುತ್ತ ಎಂಜಿನ್‌ಗೆ ಹೆಚ್ಚು ಗಾಳಿಯನ್ನು ತುಂಬುವ ಪುಟ್ಟ ಯಂತ್ರ. ಇವೆರಡೂ ಕೂಡಿದಾಗ ಒಂದು ಲೀಟರಿನ ಸಣ್ಣ ಎಂಜಿನ್ ಕೂಡ ತನಗಿಂತ ದೊಡ್ಡದರ ಕೆಲಸ ಮಾಡುತ್ತದೆ. 2013ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, ಫೋರ್ಡ್ ಇಕೋಸ್ಪೋರ್ಟ್‌ನ ಇಕೋಬೂಸ್ಟ್, 2019ರ ಹ್ಯುಂಡೈ ವೆನ್ಯೂ ಮತ್ತು ಕಿಯಾ ಸೆಲ್ಟೋಸ್‌ಗಳ ಟರ್ಬೊ ಮಾದರಿಗಳು, 2021ರ ಸ್ಕೋಡಾ ಕುಶಾಕ್ ಮತ್ತು ಫೋಕ್ಸ್‌ವ್ಯಾಗನ್ ಟೈಗುನ್ ಈ ಜಾತಿಯವು. ಟರ್ಬೊ ಎಂದು ಬರೆದುಕೊಂಡ ಕಾರುಗಳೆಲ್ಲ ಡೈರೆಕ್ಟ್ ಇಂಜೆಕ್ಷನ್‌ನವಲ್ಲ. ಟಾಟಾ ನೆಕ್ಸಾನ್‌ನ 1.2 ಲೀಟರ್ ಪೆಟ್ರೋಲ್ ಎಂಜಿನ್‌ಗೆ ಟರ್ಬೊ ಇದ್ದರೂ ಪೆಟ್ರೋಲು ಹಳೆಯ ದಾರಿಯಲ್ಲಿಯೇ ಹೋಗುತ್ತದೆ. ಆದ್ದರಿಂದ ಮೊದಲು ತನ್ನ ಕಾರು ಯಾವ ಬಗೆಯದು ಎಂಬುದನ್ನು ಮಾಲೀಕನು ಕೈಪಿಡಿಯಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು.

ಇಂಥ ಎಂಜಿನ್‌ನಲ್ಲಿ ಆಯಿಲ್‌ಗೆ ಬರುವ ಕಷ್ಟಗಳು ಹಲವು. ಟರ್ಬೊದ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿದ ಸುತ್ತು ತಿರುಗುವಾಗ ಅದನ್ನು ತೇಲಿಸಿ ಹಿಡಿಯುವುದು ಆಯಿಲ್‌ನ ತೆಳು ಪದರವೇ. ಖಂಡಾಲಾ ಘಾಟಿಯನ್ನು ರಭಸದಿಂದ ಹತ್ತಿ ಲೋಣಾವಳಾದಲ್ಲಿ ಥಟ್ಟನೆ ಎಂಜಿನ್ ಆರಿಸಿದರೆ, ಹರಿವು ನಿಂತ ಆಯಿಲ್ ಕಾದ ಲೋಹಕ್ಕಂಟಿ ಸೀದು ಇದ್ದಿಲಾಗಬಹುದು. ಡೈರೆಕ್ಟ್ ಇಂಜೆಕ್ಷನ್‌ನ ತೊಂದರೆ ಬೇರೆ. ಸಿಲಿಂಡರ್ ಗೋಡೆಗೆ ತಾಗಿದ ಪೆಟ್ರೋಲು ಪೂರ್ತಿ ಉರಿಯದೆ ಕೆಳಗಿಳಿದು ಆಯಿಲನ್ನು ತೆಳುವಾಗಿಸುತ್ತದೆ. ಜೊತೆಗೆ ಹುಟ್ಟುವ ಸೂಕ್ಷ್ಮ ಮಸಿ ಟೈಮಿಂಗ್ ಚೈನನ್ನು ಸವೆಸುತ್ತದೆ.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುವ ಮೊದಲೇ ಸಿಲಿಂಡರಿನಲ್ಲಿ ತಾನಾಗಿ ಬೆಂಕಿ ಹೊತ್ತಿಕೊಳ್ಳುವುದು. ನಿಧಾನವಾಗಿ ತಿರುಗುತ್ತಿರುವ ಎಂಜಿನ್ ಮೇಲೆ ಹೆಚ್ಚು ಭಾರ ಬಿದ್ದಾಗ ಇದು ಸಂಭವಿಸುವುದರಿಂದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಇದನ್ನು ಎಲ್‌ಎಸ್‌ಪಿಐ ಎನ್ನುತ್ತಾರೆ. ತುಂಬಿದ ಕಾರಿನಲ್ಲಿ ಎಸಿ ಹಾಕಿಕೊಂಡು, ಗೇರ್ ಇಳಿಸದೆ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸಯನ್ ಫ್ಲೈಓವರ್ ಹತ್ತಿಸುವುದು ಇದಕ್ಕೆ ತಕ್ಕ ಸನ್ನಿವೇಶ. ಪಿಸ್ಟನ್ ರಿಂಗ್‌ಗಳ ಸಂದಿಯಲ್ಲಿ ಪೆಟ್ರೋಲಿನೊಂದಿಗೆ ಬೆರೆತು ನಿಂತ ಆಯಿಲ್‌ನ ಹನಿಯೊಂದು ಸಿಡಿದು ಅಕಾಲದಲ್ಲಿ ಹೊತ್ತಿಕೊಂಡಾಗ ಉಂಟಾಗುವ ಒತ್ತಡಕ್ಕೆ ಪಿಸ್ಟನ್ನೇ ಒಡೆಯಬಹುದು. ಎಂಜಿನ್ ಒಳಗನ್ನು ಸ್ವಚ್ಛವಾಗಿಡಲು ಆಯಿಲ್‌ಗೆ ಸೇರಿಸುವ ಕ್ಯಾಲ್ಸಿಯಂ ಸಂಯುಕ್ತಗಳು ಇದನ್ನು ಹೆಚ್ಚಿಸುತ್ತವೆ, ಅವುಗಳ ಒಂದು ಪಾಲನ್ನು ಮೆಗ್ನೀಸಿಯಂ ಸಂಯುಕ್ತಗಳಿಗೆ ಬಿಟ್ಟುಕೊಟ್ಟರೆ ಇದು ತಗ್ಗುತ್ತದೆ ಎಂದು ಸಂಶೋಧನೆಗಳು ತೋರಿಸಿದವು. ಅದರ ಫಲವಾಗಿ ಅಮೆರಿಕನ್ ಪೆಟ್ರೋಲಿಯಂ ಸಂಸ್ಥೆ, ಅಂದರೆ ಎಪಿಐ, 2018ರ ಮೇ ತಿಂಗಳಲ್ಲಿ ಎಸ್‌ಎನ್ ಪ್ಲಸ್ ಎಂಬ ದರ್ಜೆಯನ್ನೂ, 2020ರ ಮೇ ತಿಂಗಳಲ್ಲಿ ಚೈನ್ ಸವೆತದ ಪರೀಕ್ಷೆಯೂ ಸೇರಿದ ಎಸ್‌ಪಿ ದರ್ಜೆಯನ್ನೂ, 2025ರ ಮಾರ್ಚ್‌ನಲ್ಲಿ ಎಸ್‌ಕ್ಯು ದರ್ಜೆಯನ್ನೂ ಜಾರಿಗೆ ತಂದಿತು. ಡಬ್ಬಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿರುವ ಈ ಎರಡಕ್ಷರಗಳು ಮುಂಬದಿಯ ದೊಡ್ಡ ಹೆಸರಿಗಿಂತ ಹೆಚ್ಚಿನದನ್ನು ಹೇಳುತ್ತವೆ. ಲಾರಿ, ಟೆಂಪೊಗಳ ಡೀಸೆಲ್ ಎಂಜಿನ್‌ಗೆಂದು ತಯಾರಾದ ಆಯಿಲನ್ನು ‘ಎಲ್ಲಕ್ಕೂ ಆಗುತ್ತದೆ’ ಎಂದು ಯಾರಾದರೂ ಕೊಟ್ಟರೆ ಟರ್ಬೊ ಪೆಟ್ರೋಲ್ ಕಾರಿನವರು ನಿರಾಕರಿಸಬೇಕು.

ಸಿಂಥೆಟಿಕ್ ಎಂಬ ಮಾತಿಗೂ ಒಂದೇ ಅರ್ಥವಿಲ್ಲ. ಎಪಿಐ ಮೂಲ ಎಣ್ಣೆಗಳನ್ನು ಐದು ಗುಂಪುಗಳಾಗಿ ವಿಂಗಡಿಸಿದೆ. ಮೊದಲ ಎರಡು ಕಚ್ಚಾತೈಲವನ್ನು ಶುದ್ಧೀಕರಿಸಿ ಪಡೆದವು. ಮೂರನೆಯದು ಹೈಡ್ರೋಜನ್ ಬಳಸಿ ಅಣುಗಳನ್ನೇ ಮುರಿದು ಹೊಂದಿಸಿದ ಹೆಚ್ಚು ಶುದ್ಧ ರೂಪ. ನಾಲ್ಕನೆಯ ಗುಂಪಿನ ಪಿಎಒ ಪೂರ್ತಿ ರಾಸಾಯನಿಕವಾಗಿ ಕಟ್ಟಿದ್ದು. ಎಸ್ಟರ್ ಮೊದಲಾದವು ಐದನೆಯದರಲ್ಲಿ ಬರುತ್ತವೆ. 1999ರಲ್ಲಿ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಎದ್ದ ಜಾಹೀರಾತು ವಿವಾದವು ಮೂರನೆಯ ಗುಂಪನ್ನೂ ಸಿಂಥೆಟಿಕ್ ಎನ್ನಬಹುದೆಂಬ ನಿರ್ಣಯದಲ್ಲಿ ಮುಗಿದದ್ದರಿಂದ, ಇಂದು ಆ ಹೆಸರಿನಲ್ಲಿ ಸಿಗುವ ಆಯಿಲ್‌ಗಳಲ್ಲಿ ಬಹಳಷ್ಟು ಈ ಗುಂಪಿನವು. ಇದನ್ನು ಮೋಸವೆಂದು ತಳ್ಳಿಹಾಕುವಂತಿಲ್ಲ. ಒಳ್ಳೆಯ ಮೂರನೆಯ ಗುಂಪಿನ ಎಣ್ಣೆ ಶಾಖಕ್ಕೆ ಕಡಿಮೆ ಆವಿಯಾಗುತ್ತದೆ, ಬೇಗ ಗಸಿಗಟ್ಟುವುದಿಲ್ಲ. ಸಯನ್‌ನಿಂದ ಚೆಂಬೂರ್ ದಾಟಿದರೆ ಸಿಗುವ ಮಾಹುಲ್‌ನ ಹಿಂದುಸ್ತಾನ್ ಪೆಟ್ರೋಲಿಯಂ ಸಂಸ್ಕರಣಾಗಾರದಲ್ಲಿ ಆಯಿಲ್‌ಗಳ ಮೂಲ ಎಣ್ಣೆಗಳನ್ನು ತಯಾರಿಸುವ, ದೇಶದಲ್ಲಿಯೇ ಅತಿ ದೊಡ್ಡದಾದ ಘಟಕವಿದೆ ಎಂಬುದು ಆ ಭಾಗದ ಎಷ್ಟೋ ಕಾರು ಮಾಲೀಕರಿಗೆ ತಿಳಿದಿರಲಾರದು.

ಮಂದತೆಯ ಅಂಕೆಯ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. 5ಡಬ್ಲ್ಯು-30 ಎಂಬಲ್ಲಿ ಮೊದಲ ಭಾಗ ಕೊರೆಯುವ ಚಳಿಯಲ್ಲಿನ ಹರಿವನ್ನೂ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿನ ಮಂದತೆಯನ್ನೂ ಸೂಚಿಸುತ್ತದೆ. ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವುದೇ ಅಪರೂಪವಾದ ಮುಂಬಯಿಯಲ್ಲಿ ಗಮನ ಕೊಡಬೇಕಾದದ್ದು ಎರಡನೆಯ ಅಂಕೆಗೆ. ಕಾರಿನ ಕೈಪಿಡಿ 0ಡಬ್ಲ್ಯು-20 ಮತ್ತು 5ಡಬ್ಲ್ಯು-30 ಎರಡಕ್ಕೂ ಒಪ್ಪಿಗೆ ಕೊಟ್ಟಿದ್ದರೆ, ಪೆಟ್ರೋಲು ಸೇರಿ ಆಯಿಲ್ ತೆಳುವಾಗುವ ನಗರದ ಓಡಾಟಕ್ಕೆ ಎರಡನೆಯದೇ ಮೇಲು. ಒಂದನ್ನೇ ಸೂಚಿಸಿದ್ದರೆ ಅದನ್ನು ಮೀರಬಾರದು. ಫೋಕ್ಸ್‌ವ್ಯಾಗನ್‌ನ 504 00, 508 00ರಂಥ ಕಂಪನಿಯ ಸಂಕೇತವನ್ನು ಕೈಪಿಡಿ ಕೇಳಿದರೆ ಡಬ್ಬಿಯ ಮೇಲೂ ಅದೇ ಇರಬೇಕು. ಆಗಲೂ ‘ಅನುಮೋದಿತ’ ಎನ್ನುವುದಕ್ಕೂ ‘ಬಳಸಲು ಸೂಕ್ತ’ ಎನ್ನುವುದಕ್ಕೂ ಅಂತರವಿದೆ: ಮೊದಲನೆಯದು ಕಾರು ಕಂಪನಿ ಪರೀಕ್ಷಿಸಿ ಕೊಟ್ಟ ಒಪ್ಪಿಗೆ, ಎರಡನೆಯದು ಆಯಿಲ್ ಮಾರುವವರ ಹೇಳಿಕೆ.

ಸರಿಯಾದ ಆಯಿಲ್ ಹಾಕಿದ ಮೇಲೂ ಬದಲಾವಣೆಯ ಕಾಲವನ್ನು ಕಿಲೋಮೀಟರಿನಿಂದಷ್ಟೇ ಎಣಿಸಿದರೆ ಸಯನ್‌ನಂಥಲ್ಲಿ ಲೆಕ್ಕ ತಪ್ಪುತ್ತದೆ. ಗಂಟೆಗೆ ಸರಾಸರಿ 60 ಕಿ.ಮೀ. ವೇಗದಲ್ಲಿ ಪನ್ವೇಲ್ ದಾಟಿ ಉಡುಪಿ, ಮಂಗಳೂರುಗಳಿಗೆ ಹೋಗಿಬರುವ ಕಾರು 10,000 ಕಿ.ಮೀ. ಕ್ರಮಿಸಲು ಎಂಜಿನ್ ಸುಮಾರು 167 ಗಂಟೆ ದುಡಿಯುತ್ತದೆ. ಗಂಟೆಗೆ 15 ಕಿ.ಮೀ.ಯಂತೆ ಊರೊಳಗೇ ತೆವಳುವ ಕಾರಿಗೆ ಅಷ್ಟೇ ದೂರಕ್ಕೆ 667 ಗಂಟೆ ಬೇಕು. ಮೀಟರಿನ ಅಂಕೆ ಒಂದೇ ಆದರೂ ಆಯಿಲ್ ಪಟ್ಟ ಪಾಡು ನಾಲ್ಕು ಪಟ್ಟು. ಅನೇಕ ಕೈಪಿಡಿಗಳು ಹೆಚ್ಚು ಹೊತ್ತು ನಿಂತು ಉರಿಯುವುದನ್ನೂ ಪದೇ ಪದೇ ಸಣ್ಣ ದೂರ ಓಡುವುದನ್ನೂ ‘ಕಠಿಣ ಬಳಕೆ’ ಎಂದು ಹೆಸರಿಸಿ, ಆಗ ಅವಧಿಯನ್ನು ಕಡಿಮೆ ಮಾಡಲು ಹೇಳುತ್ತವೆ. ಮುಂಬಯಿಯ ಬಹುಪಾಲು ಕಾರುಗಳ ನಿತ್ಯದ ಓಡಾಟ ಇದೇ ಆದರೂ ಆ ಪುಟವನ್ನು ಓದುವವರು ಕಡಿಮೆ.

ಡಿಪ್‌ಸ್ಟಿಕ್ ನೋಡುವ ಅಭ್ಯಾಸ ಇಲ್ಲಿ ನೆರವಿಗೆ ಬರುತ್ತದೆ. ಎಂಜಿನ್ ಆರಿಸಿ ಕೆಲವು ನಿಮಿಷ ಬಿಟ್ಟು, ಕಡ್ಡಿಯನ್ನೆಳೆದು ಒರೆಸಿ, ಮತ್ತೆ ಅದ್ದಿ ತೆಗೆದಾಗ ಆಯಿಲ್ ಕಪ್ಪಾಗಿ ಕಂಡರೆ ಗಾಬರಿಪಡಬೇಕಿಲ್ಲ, ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಅದು ಬೇಗನೆ ಕಪ್ಪಾಗುವಂಥದ್ದೇ. ಆದರೆ ಮಟ್ಟ ಕಡಿಮೆಯಾಗುವ ಬದಲು ಮೇಲಿನ ಗೆರೆಯನ್ನು ದಾಟಿ ಏರಿದ್ದರೆ, ಪೆಟ್ರೋಲಿನ ವಾಸನೆಯೂ ಹೊಡೆಯುತ್ತಿದ್ದರೆ ತಡಮಾಡದೆ ಬದಲಿಸಬೇಕು. ಶೇ. 20 ಎಥನಾಲ್ ಬೆರೆತ ಪೆಟ್ರೋಲು ಸಾಮಾನ್ಯವಾಗಿರುವ ಈಗ, ಎಂಜಿನ್ ಪೂರ್ತಿ ಕಾಯುವ ಮೊದಲೇ ಮುಗಿಯುವ ಓಡಾಟಗಳಲ್ಲಿ ಎಥನಾಲೂ ತೇವವೂ ಆಯಿಲ್‌ನಲ್ಲೇ ಉಳಿಯುವ ಸಾಧ್ಯತೆ ಇದೆ. ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಲೇಪ ಕಂಡರೆ ಅದು ಬಹುಮಟ್ಟಿಗೆ ಈ ತೇವದ್ದೇ. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಹೆದ್ದಾರಿಯಲ್ಲಿ ಓಡಿಸಿದರೆ ಅದು ಆವಿಯಾಗಿ ಹೋಗುತ್ತದೆ. ಆದರೆ ಜೋರು ಮಳೆಗೆ ಸಯನ್‌ನ 24ನೇ ನಂಬರ್ ರಸ್ತೆಯಲ್ಲೋ ಕಿಂಗ್ಸ್ ಸರ್ಕಲ್ ಬಳಿಯ ಗಾಂಧಿ ಮಾರ್ಕೆಟ್‌ನಲ್ಲೋ ಕಾರು ಮುಳುಗಿ ಎಂಜಿನ್‌ಗೆ ನೀರು ಹೋಗಿದ್ದರೆ ಓಡಿಸಿ ಒಣಗಿಸುವ ಮಾತೇ ಇಲ್ಲ: ಕೀಲಿ ತಿರುಗಿಸದೆ ಗ್ಯಾರೇಜಿಗೆ ಎಳೆಸಿ, ನೀರು ತೆಗೆಸಿ, ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಹೊಸದಾಗಿ ಹಾಕಿಸಿದ ನಂತರವೇ ಸ್ಟಾರ್ಟ್ ಮಾಡಬೇಕು.