ಅಡುಗೆಮನೆಯ ಪಾತ್ರೆಗಳೇ ಆಟಿಕೆ: ಒಂದರಿಂದ ಮೂರು ವರ್ಷದ ಮಕ್ಕಳ ಕಲಿಕೆ

ಹುಟ್ಟಿದಂದಿನಿಂದ ಮೂರು ವರ್ಷ ತುಂಬುವವರೆಗೆ ಮಗುವಿನ ಮೆದುಳು ಬೆಳೆಯುವ ವೇಗ ಮುಂದಿನ ಯಾವ ವಯಸ್ಸಿನಲ್ಲಿಯೂ ಕಂಡುಬರುವುದಿಲ್ಲ. ಆರು ವರ್ಷ ತುಂಬುವಷ್ಟರಲ್ಲಿ ಮೆದುಳಿನ ಬೆಳವಣಿಗೆಯ ಶೇಕಡಾ 85ಕ್ಕೂ ಹೆಚ್ಚು ಭಾಗ ಆಗಿಹೋಗಿರುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಹೇಳಲಾಗಿದೆ. ಅಂದರೆ ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಮಗು ಕಲಿಕೆಯ ದೊಡ್ಡ ಹಾದಿಯನ್ನು ಕ್ರಮಿಸಿರುತ್ತದೆ. ಈ ಕಲಿಕೆಗೆ ಪುಸ್ತಕ ಬೇಕಿಲ್ಲ. ಕೈಗೆ ಸಿಕ್ಕಿದ್ದನ್ನು ಮುಟ್ಟಿ, ಮೂಸಿ, ಬಾಯಿಗಿಟ್ಟು, ನೆಲಕ್ಕೆ ಬಡಿದು, ಬೀಳಿಸಿ ಮಗು ಲೋಕವನ್ನು ಅರಿಯುತ್ತದೆ. ಊಟದ ತಟ್ಟೆಯಿಂದ ಚಮಚವನ್ನು ಹತ್ತು ಸಲ ಕೆಳಗೆ ಹಾಕುವ ಮಗುವನ್ನು ಹಟಮಾರಿ ಎಂದು ಗದರುವುದುಂಟು. ವಾಸ್ತವದಲ್ಲಿ ಬಿದ್ದ ಚಮಚ ಪ್ರತಿ ಸಲವೂ ಸದ್ದು ಮಾಡುವುದೇ, ತಾಯಿ ಪ್ರತಿ ಸಲವೂ ಬಗ್ಗಿ ಎತ್ತಿಕೊಡುವಳೇ ಎಂಬುದನ್ನು ಅದು ಪರೀಕ್ಷಿಸುತ್ತಿರುತ್ತದೆ.

ಹಿಂದೆ ಈ ಕಲಿಕೆಗೆ ಹಿತ್ತಿಲು, ಜಗುಲಿ, ಅಜ್ಜಿಯ ಮಡಿಲುಗಳಿದ್ದವು. ಮುಂಬಯಿಯ ಒಂದೇ ಕೋಣೆಯ ಮನೆಯಲ್ಲಾಗಲಿ, ದೆಹಲಿಯ ಬಹುಮಹಡಿ ಕಟ್ಟಡದಲ್ಲಾಗಲಿ ವಾಸಿಸುವ ಅನೇಕ ಕನ್ನಡ ಕುಟುಂಬಗಳಿಗೆ ಇಂದು ಅವು ಇಲ್ಲ. ತಾಯಿ-ತಂದೆಯರಿಬ್ಬರೂ ದುಡಿಯುವ ಮನೆಯಲ್ಲಿ ಅಳುವ ಮಗುವಿನ ಕೈಗೆ ಮೊಬೈಲ್ ಫೋನ್ ಕೊಡುವುದು ಸುಲಭದ ದಾರಿಯಾಗಿದೆ. ಒಂದು ವರ್ಷದ ಮಕ್ಕಳಿಗೆ ಟಿ.ವಿ., ಮೊಬೈಲ್‌ಗಳ ಮುಂದೆ ಕೂರಿಸುವುದು ಬೇಡವೇ ಬೇಡ, ಎರಡು ವರ್ಷದವರಿಗೂ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ನೀಡಿದೆ. ಪರದೆಯ ಮೇಲಿನ ಚೆಂಡು ಉರುಳುವುದನ್ನು ಮಗು ಕಾಣಬಲ್ಲದು. ಅದರ ಭಾರವನ್ನಾಗಲಿ, ನುಣುಪನ್ನಾಗಲಿ ಅರಿಯಲಾರದು. ಮಗು ತೊದಲಿದರೆ ಆ ಚೆಂಡು ಉತ್ತರ ಕೊಡುವುದೂ ಇಲ್ಲ.

‘ಬುದ್ಧಿ ಬೆಳೆಸುವ ಆಟಿಕೆ’ ಎಂಬ ಹೆಸರಿನಲ್ಲಿ ದುಬಾರಿ ಸಾಮಾನುಗಳು ಅಂಗಡಿಗಳಲ್ಲಿ ಮಾರಾಟವಾಗುತ್ತವೆ. ಅವನ್ನು ಕೊಳ್ಳಲಾಗದ ಪೋಷಕರು ಕೊರಗಬೇಕಾದ ಕಾರಣವಿಲ್ಲ. 1986-87ರಲ್ಲಿ ಜಮೈಕಾ ದೇಶದ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳಿಗಾಗಿ ಒಂದು ಕಾರ್ಯಕ್ರಮ ನಡೆಯಿತು. ಆರೋಗ್ಯ ಸಹಾಯಕಿಯರು ವಾರಕ್ಕೊಮ್ಮೆ ಮನೆಗೆ ಹೋಗಿ, ಮಗುವಿನೊಡನೆ ಆಡುವ, ಮಾತನಾಡುವ ಬಗೆಯನ್ನು ತಾಯಂದಿರಿಗೆ ತೋರಿಸಿಕೊಡುತ್ತಿದ್ದರು. ಬಳಸಿದ ಆಟಿಕೆಗಳು ಮನೆಯ ನಿರುಪಯುಕ್ತ ವಸ್ತುಗಳಿಂದ ಮಾಡಿದವು. ಇದು ಎರಡು ವರ್ಷ ನಡೆಯಿತು. ಆ ಮಕ್ಕಳು 22ರ ವಯಸ್ಸಿಗೆ ಬಂದಾಗ, ಇಂಥ ಭೇಟಿ ದೊರೆಯದ ಅದೇ ಸ್ಥಿತಿಯ ಮಕ್ಕಳಿಗಿಂತ ಸುಮಾರು ಶೇಕಡಾ 25ರಷ್ಟು ಹೆಚ್ಚು ಗಳಿಸುತ್ತಿದ್ದರೆಂದು 2014ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ.

ನಮ್ಮ ದೇಶದಲ್ಲಿಯೂ ಇದಕ್ಕೆ ಹಳೆಯ ನಿದರ್ಶನವಿದೆ. ತಾರಾಬಾಯಿ ಮೋಡಕ್ ಅವರು 1945ರಲ್ಲಿ ಮುಂಬಯಿಗೆ ಉತ್ತರದ ಬೋರ್ಡಿ ಗ್ರಾಮದಲ್ಲಿ ಬಾಲವಾಡಿ ಆರಂಭಿಸಿ, ಆಮದಾದ ಬೆಲೆಬಾಳುವ ಉಪಕರಣಗಳ ಬದಲು ಸುತ್ತಮುತ್ತ ದೊರೆಯುವ ಚಿಪ್ಪು, ಎಲೆ, ಕಲ್ಲುಗಳನ್ನೇ ಕಲಿಕೆಯ ಸಾಧನಗಳನ್ನಾಗಿಸಿದರು. ಅಲ್ಲಿನ ಮಕ್ಕಳು ತುಸು ದೊಡ್ಡವರು. ತತ್ತ್ವ ಮಾತ್ರ ಎಳೆಯರಿಗೂ ಅನ್ವಯಿಸುತ್ತದೆ.

ಮನೆಯ ವಸ್ತುಗಳಿಂದ ಆಟ

ಮೊದಲಿಗೆ ಅಡುಗೆಮನೆಯ ಕೆಳಗಿನ ಕಪಾಟಿನಲ್ಲಿ ಒಂದು ಅರೆಯನ್ನು ಮಗುವಿಗೆ ಬಿಟ್ಟುಕೊಡಬೇಕು. ಒಂದರೊಳಗೊಂದು ಕೂರುವ ಮೂರು-ನಾಲ್ಕು ಸ್ಟೀಲ್ ಡಬ್ಬಿಗಳು, ಮುಚ್ಚಳಗಳು, ಮರದ ಸೌಟು, ಲೋಟ, ಜರಡಿ ಇಷ್ಟಿದ್ದರೆ ಸಾಕು. ದೊಡ್ಡದರೊಳಗೆ ಚಿಕ್ಕದು ಹೋಗುತ್ತದೆ, ಚಿಕ್ಕದರೊಳಗೆ ದೊಡ್ಡದು ಹೋಗದು ಎಂಬುದನ್ನು ಮಗು ಹಲವು ಸಲ ಸೋತು ತಿಳಿಯುತ್ತದೆ. ಯಾವ ಮುಚ್ಚಳ ಯಾವ ಡಬ್ಬಿಗೆ ಎಂದು ಹುಡುಕುವುದು ಆಕಾರ ಮತ್ತು ಅಳತೆಯ ಮೊದಲ ಪಾಠ. ಹಿರಿಯರು ಅವಸರದಿಂದ ಸರಿಯಾದ ಮುಚ್ಚಳವನ್ನು ಎತ್ತಿಕೊಟ್ಟರೆ ಪಾಠ ಅಲ್ಲಿಗೇ ಮುಗಿಯಿತು. ತುಸು ಕಾಯುವುದು ಲೇಸು. ಸೌಟಿನಿಂದ ಡಬ್ಬಿ ಬಡಿಯುವ ಸದ್ದನ್ನು ಪಕ್ಕದ ಮನೆಯವರು ಕೆಲವು ನಿಮಿಷ ಸಹಿಸಿಕೊಳ್ಳಬೇಕಾಗಬಹುದು!

ಒಂದು ವರ್ಷದ ಮಗುವಿಗೆ ಬಚ್ಚಿಡುವ ಆಟ ಬಹು ಪ್ರಿಯವಾದುದು. ಲೋಟವನ್ನು ಅದರ ಕಣ್ಣೆದುರೇ ಟವೆಲಿನಡಿ ಮುಚ್ಚಿ, ‘ಲೋಟ ಎಲ್ಲಿ?’ ಎಂದು ಕೇಳಿದರೆ ಮಗು ಬಟ್ಟೆಯನ್ನು ಎಳೆದು ಹಿಗ್ಗುತ್ತದೆ. ಕಾಣದ ವಸ್ತುವೂ ಇದ್ದೇ ಇರುತ್ತದೆ ಎಂಬ ತಿಳಿವು ಈ ಆಟದಿಂದ ಗಟ್ಟಿಯಾಗುತ್ತದೆ. ಕೆಲವು ದಿನಗಳ ಬಳಿಕ ಎರಡು ಬಟ್ಟೆಗಳನ್ನಿಟ್ಟು ಆಟವನ್ನು ಕಠಿಣಗೊಳಿಸಬಹುದು.

ಸ್ಪರ್ಶದ ಅರಿವಿಗೆ ಹಳೆಯ ಬಟ್ಟೆಗಳಷ್ಟು ಒದಗುವ ಸಾಧನ ಬೇರೊಂದಿಲ್ಲ. ರೇಷ್ಮೆ ಸೀರೆಯ ಚೂರು, ಒರಟು ಟವೆಲು, ಉಣ್ಣೆ, ಗೋಣಿಚೀಲದ ತುಂಡು ಇವನ್ನು ಅಂಗೈ ಅಗಲಕ್ಕೆ ಕತ್ತರಿಸಿ, ಒಂದು ಅಂಚಿನಲ್ಲಿ ಹೊಲಿದರೆ ಬಟ್ಟೆಯ ಪುಸ್ತಕವಾಗುತ್ತದೆ. ‘ಇದು ನುಣುಪು’, ‘ಇದು ಒರಟು’ ಎಂದು ಹೇಳುತ್ತ ಪುಟ ತಿರುವಿಸಬೇಕು. ಅಮ್ಮನ ಸೀರೆಯ ಚೂರು ಬಂದಾಗ ಮಗು ಅದನ್ನು ಕೆನ್ನೆಗೊತ್ತಿಕೊಳ್ಳುವುದೂ ಉಂಟು.

ಚಪಾತಿ ಹಿಟ್ಟಿನ ಒಂದು ಉಂಡೆ ಕೈಬೆರಳುಗಳಿಗೆ ಒಳ್ಳೆಯ ವ್ಯಾಯಾಮ. ಒತ್ತುವುದು, ಎಳೆಯುವುದು, ಬೆರಳಿನಿಂದ ತೂತು ಮಾಡುವುದು ಮುಂದೆ ಗುಂಡಿ ಹಾಕಲು, ಪೆನ್ಸಿಲ್ ಹಿಡಿಯಲು ಬೇಕಾದ ಬಲವನ್ನು ಕೊಡುತ್ತವೆ. ಬಣ್ಣಕ್ಕೆ ಅರಿಸಿನ ಅಥವಾ ಬೀಟ್‌ರೂಟ್ ರಸ ಸೇರಿಸಬಹುದು. ಹಿಟ್ಟು ಕೆಡದಿರಲೆಂದು ಬಹಳ ಉಪ್ಪು ಬೆರೆಸುವ ಪದ್ಧತಿಯನ್ನು ಈ ವಯಸ್ಸಿನವರಿಗೆ ಬಳಸಕೂಡದು; ಮಗು ಅದನ್ನು ತಿಂದರೆ ಅಪಾಯ. ಅಂದಿನ ಹಿಟ್ಟನ್ನು ಅಂದೇ ಎಸೆಯಬೇಕು.

ನೀರಿನ ಆಟಕ್ಕೆ ಅಗಲವಾದ ಬೋಗುಣಿಯಲ್ಲಿ ಎರಡು ಬೆರಳಿನಷ್ಟು ನೀರು ಸಾಕು. ಲೋಟದಿಂದ ಲೋಟಕ್ಕೆ ಸುರಿಯುವುದು, ಜರಡಿಯಲ್ಲಿ ನೀರು ನಿಲ್ಲದಿರುವುದನ್ನು ಕಾಣುವುದು, ಪ್ಲಾಸ್ಟಿಕ್ ಮುಚ್ಚಳ ತೇಲಿ ಸ್ಟೀಲ್ ಚಮಚ ಮುಳುಗುವುದನ್ನು ನೋಡುವುದು ಎರಡು ವರ್ಷದ ಮಗುವಿಗೆ ದೊಡ್ಡ ವಿಸ್ಮಯ. ನಲ್ಲಿ ನೀರಿಗೆ ಹೊತ್ತು ಗೊತ್ತಿರುವ ನಗರಗಳಲ್ಲಿ ಆಟ ಮುಗಿದ ಮೇಲೆ ಆ ನೀರು ತುಳಸಿ ಗಿಡಕ್ಕೆ ಹೋಗಲಿ.

ಒಂದೇ ಅಳತೆಯ ಎರಡು ಪ್ಲಾಸ್ಟಿಕ್ ಸೀಸೆಗಳಲ್ಲಿ ಒಂದಕ್ಕೆ ರಾಗಿ, ಇನ್ನೊಂದಕ್ಕೆ ಕಡಲೆಕಾಳು ತುಂಬಿ, ಮುಚ್ಚಳವನ್ನು ಅಂಟು ಹಾಕಿ ಬಿಗಿದು, ಮೇಲೆ ಟೇಪು ಸುತ್ತಿದರೆ ಗಿಲಕಿ ಸಿದ್ಧ. ಎರಡರ ಸದ್ದು ಬೇರೆ ಬೇರೆ. ತೆಳುಬಟ್ಟೆಯಲ್ಲಿ ಕಟ್ಟಿದ ಏಲಕ್ಕಿ, ನಿಂಬೆಹಣ್ಣಿನ ಸಿಪ್ಪೆ, ಕೊತ್ತಂಬರಿ ಸೊಪ್ಪುಗಳನ್ನು ಹಿರಿಯರೇ ಹಿಡಿದು ಮೂಸಿಸಬಹುದು. ಮೆಣಸು, ಖಾರದಪುಡಿ ಬೇಡ. ಎರಡೂವರೆ ವರ್ಷ ದಾಟಿದವರು ಸಂತೆಯಿಂದ ತಂದ ಈರುಳ್ಳಿ-ಆಲೂಗಡ್ಡೆಗಳನ್ನು ಎರಡು ಬುಟ್ಟಿಗೆ ಬೇರ್ಪಡಿಸಬಲ್ಲರು, ಒಗೆದ ಕಾಲುಚೀಲಗಳಿಗೆ ಜೋಡಿ ಹುಡುಕಬಲ್ಲರು. ಮನೆಗೆಲಸವೂ ಆಯಿತು.

ಒಂದು ಸಲಕ್ಕೆ ಎರಡು-ಮೂರು ವಸ್ತುಗಳಿಗಿಂತ ಹೆಚ್ಚು ಹರಡಬಾರದು. ಈ ವಯಸ್ಸಿನಲ್ಲಿ ಗಮನ ನಿಲ್ಲುವುದು ಕೆಲವೇ ನಿಮಿಷ. ಮಗು ಮುಖ ತಿರುಗಿಸಿದರೆ ಆಟ ಮುಗಿಯಿತೆಂದೇ ಅರ್ಥ.

ಯಾವ ಭಾಷೆಯಲ್ಲಿ?

ಹೊರನಾಡಿನ ಕನ್ನಡ ಕುಟುಂಬಗಳಲ್ಲಿ ಈ ಪ್ರಶ್ನೆ ಪದೇ ಪದೇ ಏಳುತ್ತದೆ. ನರ್ಸರಿ ಪ್ರವೇಶಕ್ಕೆ ತೊಂದರೆಯಾದೀತೆಂಬ ಅಂಜಿಕೆಯಿಂದ ಮಗುವಿನೊಡನೆ ತಮಗೇ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ ಸುಮ್ಮನಾಗುವವರಿದ್ದಾರೆ. ಇದರಿಂದ ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ. ಕೆನಡಾದಲ್ಲಿ ನಡೆದು 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಂಗ್ಲಿಷ್ ಮಾತಿನ ಮನೆಗಳ ಆರರಿಂದ ಎಂಟು ತಿಂಗಳ ಶಿಶುಗಳು ಹಿಂದಿಯ ‘ತ’ ಮತ್ತು ‘ಟ’ ಧ್ವನಿಗಳ ವ್ಯತ್ಯಾಸವನ್ನು ಗುರುತಿಸಿದವು. ಹತ್ತು-ಹನ್ನೆರಡು ತಿಂಗಳ ಹೊತ್ತಿಗೆ ಈ ಸಾಮರ್ಥ್ಯ ಬಹಳ ಕುಂದಿತ್ತು. ಕಿವಿಗೆ ಬೀಳದ ಧ್ವನಿಯನ್ನು ಮಗು ಅಷ್ಟು ಬೇಗ ಬದಿಗಿಡುತ್ತದೆ. ‘ಹಳ್ಳ’ಕ್ಕೂ ‘ಹಲ್ಲಿ’ಗೂ ಇರುವ ಭೇದ ತಿಳಿಯಬೇಕಾದರೆ ಕನ್ನಡ ಮನೆಯಲ್ಲಿ ಕೇಳಿಸುತ್ತಿರಬೇಕು. ನೆರೆಹೊರೆಯ ಮರಾಠಿ, ತಮಿಳು, ತೆಲುಗು ಅಥವಾ ಹಿಂದಿಯನ್ನು ಮಗು ಜೊತೆಜೊತೆಗೇ ಕಲಿಯುತ್ತದೆ. ಎರಡು ಭಾಷೆಗಳಿಂದ ಮಗುವಿಗೆ ಗೊಂದಲವಾಗುತ್ತದೆಂಬ ಭಯಕ್ಕೆ ಆಧಾರವಿಲ್ಲ.

ಆಡುವಾಗ ‘ಇದೇನು ಹೇಳು’ ಎಂದು ಪರೀಕ್ಷಿಸುವುದಕ್ಕಿಂತ, ಮಗು ಮಾಡುತ್ತಿರುವುದನ್ನೇ ಮಾತಿನಲ್ಲಿ ಹೇಳುವುದು ಉತ್ತಮ: ‘ಪುಟ್ಟ ನೀರು ಸುರೀತಾ ಇದ್ದಾನೆ, ಲೋಟ ತುಂಬ್ತು, ಚೆಲ್ಲಿಹೋಯ್ತು.’ ಮಗು ‘ನೀ’ ಎಂದರೆ ‘ಹೌದು, ನೀರು’ ಎಂದು ಮಾತು ಮುಂದುವರಿಸಬೇಕು.

ಎಚ್ಚರಿಕೆಗಳು

ಇಲ್ಲಿ ಹೇಳಿದ ಯಾವ ಆಟವನ್ನೂ ಮಗುವನ್ನು ಒಂಟಿಯಾಗಿ ಬಿಟ್ಟು ಆಡಿಸತಕ್ಕದ್ದಲ್ಲ. ಮೂರು ವರ್ಷದೊಳಗಿನವರಿಗೆ 4 ಸೆಂಟಿಮೀಟರಿಗಿಂತ ಚಿಕ್ಕದಾದ ಬಿಡಿ ವಸ್ತು ಕೊಡಬಾರದು. ಕಡಲೆಬೀಜ, ಹುಣಸೆಬೀಜ, ಗುಂಡಿ, ಮಣಿ, ನಾಣ್ಯ, ಸೀಸೆಯ ಬಿರಡೆಗಳು ಶ್ವಾಸನಾಳಕ್ಕೆ ಸಿಕ್ಕಿಕೊಂಡರೆ ನಿಮಿಷಗಳಲ್ಲಿ ಪ್ರಾಣಾಪಾಯವಾಗುತ್ತದೆ. ಆದುದರಿಂದಲೇ ಗಿಲಕಿಯ ಮುಚ್ಚಳವನ್ನು ಪ್ರತಿ ಸಲವೂ ಎಳೆದು ನೋಡಬೇಕು. ಬೆಲೂನಿನ ಚೂರು, ಪ್ಲಾಸ್ಟಿಕ್ ಚೀಲಗಳೂ ಅಷ್ಟೇ ಅಪಾಯಕಾರಿ. ರಿಮೋಟ್, ಕೈಗಡಿಯಾರಗಳಲ್ಲಿರುವ ಗುಂಡಿಯಾಕಾರದ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಆಟ ಮುಗಿದೊಡನೆ ಬೋಗುಣಿಯ ನೀರು ಚೆಲ್ಲಬೇಕು, ಬಕೆಟ್ಟುಗಳನ್ನು ಮುಚ್ಚಿಡಬೇಕು. ಒಲೆ ಉರಿಯುತ್ತಿರುವಾಗ ಪಾತ್ರೆಯ ಆಟ ಹೊರಕೋಣೆಯಲ್ಲಿ ನಡೆಯಲಿ.

ಆಟದ ನಡುವೆ ಮಗುವನ್ನು ಗಮನಿಸುವುದರಿಂದ ಇನ್ನೊಂದು ಪ್ರಯೋಜನವಿದೆ. ಬೆನ್ನ ಹಿಂದೆ ಗಿಲಕಿ ಅಲ್ಲಾಡಿಸಿದರೂ ತಿರುಗದ, ಹೆಸರು ಕರೆದರೆ ನೋಡದ, ಒಂದೂವರೆ ವರ್ಷ ತುಂಬಿದರೂ ನಡೆಯದ ಅಥವಾ ಒಂದು ಪದವನ್ನೂ ಆಡದ ಮಗುವನ್ನು ‘ಕೆಲವರು ತಡವಾಗಿ ಕಲಿಯುತ್ತಾರೆ’ ಎಂದು ಮನೆಯಲ್ಲೇ ಇರಿಸಿಕೊಳ್ಳಬಾರದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಮಕ್ಕಳ ಬೆಳವಣಿಗೆಯ ಕುಂದುಗಳನ್ನು ಉಚಿತವಾಗಿ ತಪಾಸಣೆ ಮಾಡಲಾಗುತ್ತದೆ. ಹೆಚ್ಚಿನ ಪರೀಕ್ಷೆ ಬೇಕಾದವರನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿಗೆ ಕಳುಹಿಸಲಾಗುತ್ತದೆ. ವಾಸಸ್ಥಳಕ್ಕೆ ಸಮೀಪದ ಅಂಗನವಾಡಿಯಲ್ಲಿ ಇದರ ವಿವರ ಕೇಳಬಹುದು. ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗಾಗಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2024ರಲ್ಲಿ ಹೊರತಂದ ‘ನವಚೇತನಾ’ ಚೌಕಟ್ಟಿನಲ್ಲಿ ತಿಂಗಳುವಾರು ಚಟುವಟಿಕೆಗಳಿದ್ದು, ಅವುಗಳ ಬಗೆಗೂ ಅಂಗನವಾಡಿ ಕಾರ್ಯಕರ್ತೆಯರನ್ನು ವಿಚಾರಿಸಬಹುದಾಗಿದೆ.